ಗೋದಾಮಿಗೂ ಒಂದು ಕಂಬಳಿ

2024ರ ಸಂಕ್ರಾಂತಿ ಸೋಮವಾರ ಬಂದಿತ್ತು. ಅಮೆರಿಕದಲ್ಲಿ ಅಂದೇ ಮಾರ್ಟಿನ್ ಲೂಥರ್ ಕಿಂಗ್ ದಿನದ ರಜೆ. ಶನಿವಾರ, ಭಾನುವಾರ ಸೇರಿ ಮೂರು ದಿನ ಬಿಡುವು ಸಿಕ್ಕಿತೆಂದು ನಾವೆಲ್ಲ ಎಳ್ಳು ಬೆಲ್ಲದ ಪೊಟ್ಟಣ ಹಿಡಿದು ಸ್ನೇಹಿತರ ಮನೆಗಳಿಗೆ ಓಡಾಡುತ್ತಿದ್ದೆವು. ಷಿಕಾಗೊ ಸುತ್ತಮುತ್ತ ತಾಪಮಾನ ಸೊನ್ನೆಯ ಕೆಳಗೆ ಇಳಿದಿತ್ತು. ಇಲ್ಲಿನ ಲೆಕ್ಕ ಫ್ಯಾರನ್‌ಹೀಟ್‌ನಲ್ಲಿ. ಇಲ್ಲಿ ಸೊನ್ನೆ ಎಂದರೆ ನಮ್ಮೂರಿನ ಲೆಕ್ಕದಲ್ಲಿ ಮೈನಸ್ 18. ಕಾರಿನಿಂದ ಮನೆ ಬಾಗಿಲಿಗೆ ಹೋಗುವಷ್ಟರಲ್ಲಿ ಕಬ್ಬಿನ ಜಲ್ಲೆ ಕಲ್ಲಾಗುತ್ತಿತ್ತು.

ಮಂಗಳವಾರ ಬೆಳಿಗ್ಗೆ ನಮ್ಮ ಗೋದಾಮಿನ ಬಾಗಿಲು ತೆಗೆದಾಗ ಒಳಗೆ ನೀರು ಹರಿಯುವ ಸದ್ದು ಕೇಳಿಸಿತು.

ನಾವು ಎಂದರೆ ಮೂರು ಕುಟುಂಬ. ಒಂದು ದಾವಣಗೆರೆ ಕಡೆಯದು, ಒಂದು ಹಾಸನದ್ದು, ಇನ್ನೊಂದು ಶಿವಮೊಗ್ಗದ್ದು. ಅಕ್ಕಿ, ಬೇಳೆ, ರಾಗಿ ಹಿಟ್ಟು, ಹುಣಸೆಹಣ್ಣು, ಸಾಂಬಾರು ಪುಡಿ, ಹಪ್ಪಳ ಮೊದಲಾದವನ್ನು ಆಮದುದಾರರಿಂದ ಕೊಂಡು ಭಾರತೀಯ ಅಂಗಡಿಗಳಿಗೆ ಒದಗಿಸುವ ಸಣ್ಣ ವ್ಯವಹಾರ ನಮ್ಮದು. ಷಿಕಾಗೊ ಹೊರವಲಯದ ಬೋಲಿಂಗ್‌ಬ್ರೂಕ್‌ನಲ್ಲಿ ಒಂದು ಗೋದಾಮು, ಡೆಟ್ರಾಯಿಟ್ ಪಕ್ಕದ ಲಿವೋನಿಯಾದಲ್ಲಿ ಇನ್ನೊಂದು. ಎರಡೂ ಬಾಡಿಗೆಯವು. ನಡುವೆ ಸುಮಾರು 450 ಕಿಲೋಮೀಟರ್ ದಾರಿ. ಮಿಷಿಗನ್ ಸರೋವರದ ಮೇಲಿಂದ ಬೀಸುವ ಗಾಳಿ ಆ ಹೆದ್ದಾರಿಯ ಮೇಲೆ ಹಿಮ ಸುರಿದರೆ ಟ್ರಕ್ ಹೋಗದು, ಅತ್ತಲ ದಾಸ್ತಾನು ಅತ್ತ, ಇತ್ತಲದು ಇತ್ತ. ಲೆಕ್ಕಪತ್ರ ನೋಡಿಕೊಳ್ಳುವುದು ನಮ್ಮಲ್ಲಿ ಸಿ.ಎ. ಓದಿದವರ ಪಾಲಿಗೆ ಬಂದಿದೆ. ಈ ಬರಹವೂ ಅವರ ಪಾಲಿಗೇ ಬಂತು.

ಮೂವತ್ತು ಡಾಲರ್ ಉಳಿತಾಯ

ಆ ಶುಕ್ರವಾರ ಸಂಜೆ ಬೀಗ ಹಾಕುವ ಮುನ್ನ ನಾವೊಂದು ಜಾಣತನ ಮಾಡಿದ್ದೆವು. ಮೂರು ದಿನ ಯಾರೂ ಬರುವುದಿಲ್ಲ, ಖಾಲಿ ಗೋದಾಮನ್ನು ಬಿಸಿ ಮಾಡುವುದೇಕೆ ಎಂದು ಥರ್ಮೋಸ್ಟಾಟನ್ನು 55 ಡಿಗ್ರಿಯಿಂದ 45ಕ್ಕೆ, ಅಂದರೆ 13 ಸೆಲ್ಸಿಯಸ್‌ನಿಂದ 7ಕ್ಕೆ ಇಳಿಸಿದೆವು. ನೀರು ಹೆಪ್ಪುಗಟ್ಟುವುದು 32ರಲ್ಲಿ. ಇನ್ನೂ 13 ಡಿಗ್ರಿ ಅಂತರ ಇದೆಯಲ್ಲ ಎಂಬ ಧೈರ್ಯ.

ಥರ್ಮೋಸ್ಟಾಟ್ ತಪ್ಪು ಮಾಡಲಿಲ್ಲ. ಅದು ಇದ್ದದ್ದು ಗೋದಾಮಿನ ನಡುವಿನ ಕಂಬದ ಮೇಲೆ, ಹೀಟರಿನ ಗಾಳಿ ತಾಗುವ ಕಡೆ. ಅಲ್ಲಿ 45 ಡಿಗ್ರಿಯೇ ಇತ್ತು. ಶೌಚಾಲಯ ಇದ್ದದ್ದು ಉತ್ತರದ ಮೂಲೆಯಲ್ಲಿ. ಅದರ ಬಾಗಿಲು ಮುಚ್ಚಿತ್ತು, ನೀರಿನ ಪೈಪು ಹೊರಗೋಡೆಯೊಳಗೆ ಹಾದಿತ್ತು. ಬಿಸಿ ಗಾಳಿ ಆ ಮೂಲೆಗೆ ತಲುಪಲೇ ಇಲ್ಲ. ಹೆಪ್ಪುಗಟ್ಟಿದಾಗ ನೀರು ಹಿಗ್ಗುತ್ತದೆ, ಪೈಪು ಸೀಳುತ್ತದೆ. ಮಂಜುಗಡ್ಡೆ ಕರಗಿದ ಮೇಲೆ ನೀರು ಸುರಿಯತೊಡಗುತ್ತದೆ.

ಅಂದು ಸಂಜೆ ಕೆಲಸ ಮುಗಿಸಿಕೊಂಡು ಹನ್ನೊಂದು ಮಂದಿ ಸ್ನೇಹಿತರು ಬಂದರು. ಸಾಫ್ಟ್‌ವೇರಿನವರು, ಒಬ್ಬರು ದಂತವೈದ್ಯೆ, ಇಬ್ಬರು ಕಾಲೇಜು ಹುಡುಗರು. ರಾತ್ರಿ ಹನ್ನೆರಡರವರೆಗೆ ಚೀಲ ಹೊತ್ತರು. ನಮ್ಮ ಪಾಲುದಾರರ ತಂದೆ ಆಗ ಊರಿನಿಂದ ಬಂದಿದ್ದರು. ದಾವಣಗೆರೆಯ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಕಾಳಿನ ಮಂಡಿ ನಡೆಸಿದವರು. ನೆಲಕ್ಕೇ ತಾಗಿಸಿ ಇಟ್ಟಿದ್ದ ಸಾಲನ್ನು ನೋಡಿ, ‘ಏನಪ್ಪಾ ಇದು, ಚೀಲದ ಕೆಳಗೆ ಹಲಗೆ ಹಾಕಬೇಕು ಅನ್ನೋದು ನಮ್ಮ ಹಮಾಲರಿಗೂ ಗೊತ್ತಿತ್ತು’ ಎಂದರು. ನಾವು ತಲೆ ತಗ್ಗಿಸಿದೆವು.

ನೀರು ತಾಗಿದ ಆಹಾರ ಮಾರುವಂತಿಲ್ಲ. ಸೋನಾ ಮಸೂರಿಯ ಚೀಲಗಳನ್ನು, ಹಪ್ಪಳದ ಪೆಟ್ಟಿಗೆಗಳನ್ನು ಕಸದ ತೊಟ್ಟಿಗೆ ಎಸೆಯುವಾಗ ಯಾರೂ ಮಾತಾಡಲಿಲ್ಲ. ಅನ್ನ ಚೆಲ್ಲಬಾರದು ಎಂದು ಕೇಳಿಕೊಂಡು ಬೆಳೆದವರು ನಾವು. ಒಟ್ಟು ನಷ್ಟ 9,000 ಡಾಲರ್ ದಾಟಿತು. ಮೂರು ದಿನ ಶಾಖ ಇಳಿಸಿದ್ದರಿಂದ ಗ್ಯಾಸಿನಲ್ಲಿ ಉಳಿದದ್ದು ಎಷ್ಟು ಎಂದು ಆಮೇಲೆ ಕೂತು ಲೆಕ್ಕ ಹಾಕಿದೆವು: 30 ಡಾಲರೂ ಇಲ್ಲ.

ವಿಮೆ ಕೇಳಿದ ಪ್ರಶ್ನೆ

ವಿಮಾ ಕಂಪನಿಯಿಂದ ಬಂದ ಪತ್ರದಲ್ಲಿ ಮುಖ್ಯವಾಗಿ ಇದ್ದದ್ದು ಒಂದೇ ಪ್ರಶ್ನೆ. ಕಟ್ಟಡವನ್ನು ಬೆಚ್ಚಗಿಡಲು ನೀವು ಪ್ರಯತ್ನ ಮಾಡಿದ್ದಿರಾ?

ಇಲ್ಲಿನ ವಾಣಿಜ್ಯ ಕಟ್ಟಡಗಳ ವಿಮೆಯಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ. ನೀರಿನ ಪೈಪು ಹೆಪ್ಪುಗಟ್ಟಿ ಒಡೆದು ಆದ ಹಾನಿಗೆ ಪರಿಹಾರ ಬೇಕಾದರೆ, ಕಟ್ಟಡದಲ್ಲಿ ಶಾಖ ಕಾಯ್ದುಕೊಳ್ಳಲು ನಿಮ್ಮಿಂದಾದಷ್ಟು ಮಾಡಿರಬೇಕು. ಇಲ್ಲವಾದರೆ ಪೈಪಿನ ನೀರನ್ನು ಪೂರ್ತಿ ಖಾಲಿ ಮಾಡಿ ಸರಬರಾಜು ನಿಲ್ಲಿಸಿರಬೇಕು. ಪಾಲಿಸಿಗೆ ಸಹಿ ಹಾಕುವಾಗ ನಾವು ಈ ಸಾಲನ್ನು ಓದಿದ್ದೆವು, ಅದರ ಅರ್ಥ ತಿಳಿದದ್ದು ಮಾತ್ರ ಒದ್ದೆ ನೆಲದ ಮೇಲೆ ನಿಂತಾಗ.

ನಮ್ಮನ್ನು ಉಳಿಸಿದ್ದು ಗ್ಯಾಸ್ ಬಿಲ್ಲು. ಆ ಮೂರು ದಿನವೂ ಹೀಟರ್ ಓಡಿತ್ತು ಎಂಬುದಕ್ಕೆ ಬಳಕೆಯ ಅಂಕಿ ಇತ್ತು, ಥರ್ಮೋಸ್ಟಾಟಿನ ದಾಖಲೆ ಇತ್ತು. ಹೀಟರಿನ ವಾರ್ಷಿಕ ತಪಾಸಣೆಯ ರಸೀದಿಯೂ ಕಡತದಲ್ಲಿ ಸಿಕ್ಕಿತು. ನಾಲ್ಕು ತಿಂಗಳು ಪತ್ರ ವ್ಯವಹಾರವಾದ ಮೇಲೆ, ನಾವೇ ಭರಿಸಬೇಕಾದ ಮೊತ್ತ ಕಳೆದು ಉಳಿದದ್ದು ಬಂತು. ಹೀಟರನ್ನು ಪೂರ್ತಿ ಆರಿಸಿ ಹೋಗಿದ್ದರೆ ಒಂದು ಕಾಸೂ ಬರುತ್ತಿರಲಿಲ್ಲ. ಇಲ್ಲಿ ಸಣ್ಣ ಗೋದಾಮು ಇಟ್ಟುಕೊಂಡಿರುವ ನಮ್ಮವರಿಗೆ ಮೊದಲ ಮಾತು ಇದೇ: ಚಳಿಗಾಲದ ಬಿಲ್ಲುಗಳನ್ನು, ತಪಾಸಣೆಯ ರಸೀದಿಗಳನ್ನು ಎಸೆಯಬೇಡಿ.

ಇನ್ನೊಂದು ಅಂಕಿಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು: 40 ಡಿಗ್ರಿ, ಅಂದರೆ 4 ಸೆಲ್ಸಿಯಸ್. ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಪೈಪಿನಲ್ಲಿ ಸದಾ ನೀರು ತುಂಬಿರುವ ಕಟ್ಟಡವಾದರೆ, ಅಲ್ಲಿನ ತಾಪಮಾನ ಇದಕ್ಕಿಂತ ಕೆಳಗೆ ಹೋಗಬಾರದು ಎನ್ನುತ್ತದೆ ಅಮೆರಿಕದ ರಾಷ್ಟ್ರೀಯ ಅಗ್ನಿ ಸುರಕ್ಷಾ ಸಂಸ್ಥೆಯ ಮಾನದಂಡ. ನಡುಗಂಬದ ಬಳಿ 40 ಇದ್ದರೆ ಸಾಲದು, ಅತ್ಯಂತ ತಣ್ಣನೆಯ ಮೂಲೆಯಲ್ಲೂ ಇರಬೇಕು.

ಶಾಖ ಹೋಗುವುದೆಲ್ಲಿಗೆ?

ಆ ಘಟನೆಯ ನಂತರ ನಾವು ಗೋದಾಮನ್ನು ಲೆಕ್ಕದ ಪುಸ್ತಕದಂತೆ ನೋಡಲು ಶುರುಮಾಡಿದೆವು. ಜಮೆ ಎಷ್ಟು, ಸೋರಿಕೆ ಎಲ್ಲಿ?

20,000 ಚದರ ಅಡಿಯ, 24 ಅಡಿ ಎತ್ತರದ ಒಂದು ಗೋದಾಮನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹೊರಗೆ 10 ಡಿಗ್ರಿ, ಒಳಗೆ 50. ವ್ಯತ್ಯಾಸ 40 ಡಿಗ್ರಿ. ಶಾಖ ತಡೆಯುವ ಶಕ್ತಿಯನ್ನು ಇಲ್ಲಿ ‘ಆರ್’ ಎಂಬ ಸಂಖ್ಯೆಯಲ್ಲಿ ಅಳೆಯುತ್ತಾರೆ, ಸಂಖ್ಯೆ ಹೆಚ್ಚಿದಷ್ಟೂ ಕಂಬಳಿ ದಪ್ಪ. ಹಳೆಯ ಚಾವಣಿ ಆರ್-10 ಇದ್ದರೆ ಅದರ ಮೂಲಕ ಗಂಟೆಗೆ 80,000 ಬಿಟಿಯು ಶಾಖ ಹೋಗುತ್ತದೆ. ಒಂದು ಲಕ್ಷ ಬಿಟಿಯು ಎಂದರೆ ಗ್ಯಾಸ್ ಬಿಲ್ಲಿನಲ್ಲಿ ಬರುವ ಒಂದು ಥರ್ಮ್. ಅದೇ ಚಾವಣಿಯನ್ನು ಆರ್-30ಕ್ಕೆ ಏರಿಸಿದರೆ ನಷ್ಟ ಮೂರನೇ ಒಂದು ಭಾಗಕ್ಕೆ, ಸುಮಾರು 27,000ಕ್ಕೆ ಇಳಿಯುತ್ತದೆ.

ಚಾವಣಿಯೇ ದೊಡ್ಡ ಕಳ್ಳ ಎಂದು ನಾವೂ ನಂಬಿದ್ದೆವು. ಗಾಳಿಯ ಲೆಕ್ಕ ಹಾಕಿದಾಗ ಬೆಚ್ಚಿದೆವು. ಒಂದು ಘನ ಅಡಿ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು 0.018 ಬಿಟಿಯು ಸಾಕು. ಆದರೆ ಆ ಗೋದಾಮಿನಲ್ಲಿರುವುದು 4,80,000 ಘನ ಅಡಿ ಗಾಳಿ. ಬಾಗಿಲ ಸಂದಿಗಳಿಂದ, ಟ್ರಕ್ ನಿಲ್ಲುವ ಡಾಕ್‌ಗಳಿಂದ ಗಂಟೆಗೆ ಅದರ ಅರ್ಧದಷ್ಟು ಹೊರಗೆ ಹೋಗಿ ತಣ್ಣನೆಯದು ಒಳಬಂದರೆ, ಅದನ್ನು ಬಿಸಿ ಮಾಡಲು ಗಂಟೆಗೆ 1,72,800 ಬಿಟಿಯು ಬೇಕು. ಹಳೆಯ ಚಾವಣಿಯ ನಷ್ಟದ ಎರಡರಷ್ಟು! ಚಾವಣಿ ಬದಲಿಸಲು ಲಕ್ಷ ಡಾಲರ್ ಹುಡುಕುವ ಮೊದಲು ಬಾಗಿಲ ಸಂದಿ ಮುಚ್ಚಬೇಕು ಎಂಬುದು ಅಲ್ಲಿಗೆ ಖಾತ್ರಿಯಾಯಿತು.

ಮೊದಲು ಅಗ್ಗದ್ದು

ನಾವು ಮಾಡಿದ್ದನ್ನು ಖರ್ಚಿನ ಕ್ರಮದಲ್ಲೇ ಹೇಳುತ್ತೇವೆ.

ಎಲ್ಲಕ್ಕಿಂತ ಮೊದಲು ಶೌಚಾಲಯದ ಬಾಗಿಲನ್ನು ಚಳಿಗಾಲವಿಡೀ ತೆರೆದಿಡಲು ಶುರುಮಾಡಿದೆವು. ಪೈಪಿಗೆ ವಿದ್ಯುತ್ತಿನಿಂದ ಬೆಚ್ಚಗಾಗುವ ಪಟ್ಟಿ ಸುತ್ತಿಸಿ, ಮೇಲೆ ಹೊದಿಕೆ ಹಾಕಿಸಿದೆವು. ನಾಲ್ಕೂ ಮೂಲೆಗಳಲ್ಲಿ ತಾಪಮಾನ ಅಳೆಯುವ ಪುಟ್ಟ ಸೆನ್ಸರ್ ಇಟ್ಟೆವು. ಯಾವ ಮೂಲೆ 42ಕ್ಕೆ ಇಳಿದರೂ ಮೂವರ ಮೊಬೈಲಿಗೂ ಸಂದೇಶ ಬರುತ್ತದೆ. ರಜೆಯ ಹಿಂದಿನ ಸಂಜೆ ನೀರಿನ ಮುಖ್ಯ ಕವಾಟ ಮುಚ್ಚಿ, ಕೈತೊಳೆಯುವ ನಲ್ಲಿ ತೆರೆದು ಪೈಪಿನಲ್ಲಿದ್ದ ನೀರು ಇಳಿಸುತ್ತೇವೆ. ಸ್ಪ್ರಿಂಕ್ಲರಿನ ಕವಾಟ ಬೇರೆ, ಅದನ್ನು ಮುಟ್ಟುವಂತಿಲ್ಲ.

ಎರಡನೆಯದು ಬಾಗಿಲು. ಡಾಕ್ ಬಾಗಿಲಿನ ಸುತ್ತ ಟ್ರಕ್ಕಿನ ಹಿಂಬದಿಗೆ ಒತ್ತಿಕೊಳ್ಳುವ ಫೋಮಿನ ದಿಂಬುಗಳು ಸವೆದು ಹರಿದಿದ್ದವು. ಅವನ್ನು ಬದಲಿಸಿದೆವು. ಟ್ರಕ್ಕಿಗೂ ಡಾಕಿಗೂ ಸೇತುವೆಯಾಗುವ ಉಕ್ಕಿನ ಹಲಗೆಯ ಅಂಚಿನಲ್ಲಿ ಬೆಳಕು ಕಾಣುವಷ್ಟು ಸಂದಿಯಿತ್ತು, ಅಲ್ಲಿಗೆ ಬ್ರಷ್ ಪಟ್ಟಿ ಹಾಕಿಸಿದೆವು. ಜೊತೆಗೆ ಒಂದು ನಿಯಮ: ಟ್ರಕ್ ಹಿಂದಕ್ಕೆ ಬಂದು ದಿಂಬಿಗೆ ಒತ್ತಿ ನಿಲ್ಲುವವರೆಗೆ ಬಾಗಿಲು ಎತ್ತಕೂಡದು. ಇದಕ್ಕೆ ಖರ್ಚಿಲ್ಲ, ಆದರೆ ರೂಢಿಯಾಗಲು ಒಂದು ಚಳಿಗಾಲವೇ ಹಿಡಿಯಿತು.

ಮೂರನೆಯದು ಫ್ಯಾನು. ಚಳಿಗಾಲದಲ್ಲಿ ಫ್ಯಾನ್ ಹಾಕುವುದೆಂದರೆ ಊರಿನಲ್ಲಿ ನಗುತ್ತಾರೆ. ಆದರೆ ಬಿಸಿ ಗಾಳಿ ಮೇಲಕ್ಕೇರುತ್ತದೆ. ನಮ್ಮಲ್ಲಿ ನೆಲದ ಬಳಿ 52 ಡಿಗ್ರಿ ಇದ್ದಾಗ ಚಾವಣಿಯ ಕೆಳಗೆ 65 ಇತ್ತು. ನಾವು ದುಡ್ಡು ಕೊಟ್ಟು ಕಾಯಿಸಿದ್ದು ಚಾವಣಿಯನ್ನು! ದೊಡ್ಡ ರೆಕ್ಕೆಗಳ, ನಿಧಾನವಾಗಿ ತಿರುಗುವ ಫ್ಯಾನು ಆ ಬಿಸಿಯನ್ನು ಕೆಳಕ್ಕೆ ತಳ್ಳುತ್ತದೆ. ಮೈಗೆ ಗಾಳಿ ಬಡಿಯುವುದಿಲ್ಲ. ಈ ಬಗೆಯ ಫ್ಯಾನುಗಳು ಅಮೆರಿಕದಲ್ಲಿ ಮೊದಲು ಹೆಸರಾದದ್ದು ಹಾಲಿನ ಹಸುಗಳ ಕೊಟ್ಟಿಗೆಗಳಲ್ಲಿ, ಬೇಸಿಗೆಯ ತಂಪಿಗಾಗಿ.

ನಾಲ್ಕನೆಯದು ಹೀಟರು. ಚಾವಣಿಯಿಂದ ತೂಗುವ, ಬಿಸಿ ಗಾಳಿ ಊದುವ ಹೀಟರ್ ಹಳೆಯ ಪದ್ಧತಿ. ಲಿವೋನಿಯಾದಲ್ಲಿ ಸರಕು ಜೋಡಿಸುವ ಕಟ್ಟೆಯ ಮೇಲೆ ಉದ್ದನೆಯ ಕೊಳವೆಯ ವಿಕಿರಣ ಹೀಟರ್ ಹಾಕಿಸಿದೆವು. ಅದು ಗಾಳಿಗಿಂತ ಹೆಚ್ಚಾಗಿ ನೆಲವನ್ನು, ಸರಕನ್ನು, ಮನುಷ್ಯರನ್ನು ಕಾಯಿಸುತ್ತದೆ, ಎಳೆಬಿಸಿಲಿನಲ್ಲಿ ಕೂತ ಹಾಗೆ. ಬಾಗಿಲು ತೆರೆದು ಗಾಳಿಯೆಲ್ಲ ಹೋದರೂ ಕಾದ ನೆಲ ಹಾಗೇ ಇರುತ್ತದೆ. ಇಡೀ ಗೋದಾಮನ್ನು ಬಿಸಿ ಮಾಡುವ ಬದಲು ಕೆಲಸಗಾರರು ನಿಲ್ಲುವ ಜಾಗವನ್ನು ಮಾತ್ರ ಬೆಚ್ಚಗಿಡಬಹುದು. ಉಳಿದೆಡೆ 50 ಡಿಗ್ರಿ ಅಕ್ಕಿಗೆ, ಬೇಳೆಗೆ ಧಾರಾಳ. ಕೊಬ್ಬರಿ ಎಣ್ಣೆ ಮಾತ್ರ ಗಟ್ಟಿಯಾಗುತ್ತದೆ. ಅದು 24 ಸೆಲ್ಸಿಯಸ್‌ಗೆ ಗಟ್ಟಿಯಾಗುವ ಎಣ್ಣೆ, ಡಿಸೆಂಬರಿನ ಬೆಳಗಿನಲ್ಲಿ ಮೈಸೂರಿನಲ್ಲೂ ಆಗುತ್ತದೆ, ಕೆಡುವುದಿಲ್ಲ.

ದೀಪ ಬದಲಿಸಿದ್ದರಲ್ಲಿ ಒಂದು ತಮಾಷೆ ನಡೆಯಿತು. 400 ವಾಟಿನ ಹಳೆಯ ದೀಪಗಳ ಜಾಗಕ್ಕೆ 150 ವಾಟಿನ ಎಲ್‌ಇಡಿ ಬಂದವು. ವಿದ್ಯುತ್ ಬಿಲ್ಲು ಚೆನ್ನಾಗಿ ಇಳಿಯಿತು, ಗ್ಯಾಸ್ ಬಿಲ್ಲು ತುಸು ಏರಿತು. ಹಳೆಯ ದೀಪಗಳು ಬೆಳಕಿನ ಜೊತೆ ಬಿಸಿಯನ್ನೂ ಕೊಡುತ್ತಿದ್ದವು, ಅದು ನಿಂತಿತು. ಒಟ್ಟು ಲೆಕ್ಕದಲ್ಲಿ ಲಾಭವೇ, ಆದರೆ ಒಂದೇ ಬಿಲ್ಲು ನೋಡಿ ಖುಷಿಪಡಬಾರದು.

ಇನ್ನೊಂದು ವಿಚಿತ್ರ ನಮ್ಮ ಪರೋಟ, ಮೀನು, ತರಕಾರಿ ಇಡುವ ಫ್ರೀಜರ್ ಕೋಣೆ. ಅದರೊಳಗೆ ಇರಬೇಕಾದದ್ದು ಸೊನ್ನೆ ಡಿಗ್ರಿ. ಜನವರಿಯಲ್ಲಿ ಕೆಲವೊಮ್ಮೆ ಹೊರಗೆ ಅದಕ್ಕಿಂತ ಚಳಿ. ಆದರೂ ಬಿಸಿ ಮಾಡಿದ ಗೋದಾಮಿನೊಳಗೆ ವಿದ್ಯುತ್ ಸುಟ್ಟು ಅದನ್ನು ತಣ್ಣಗಿಡುತ್ತೇವೆ. ಫ್ರೀಜರ್ ಯಂತ್ರ ಹೊರಹಾಕುವ ಬಿಸಿ ಮೊದಲು ಆಕಾಶಕ್ಕೆ ಹೋಗುತ್ತಿತ್ತು. ಈಗ ಚಳಿಗಾಲದಲ್ಲಿ ಗೋದಾಮಿನೊಳಗೇ ಬರುವಂತೆ, ಬೇಸಿಗೆಯಲ್ಲಿ ಹೊರಹೋಗುವಂತೆ ಕೊಳವೆ ತಿರುಗಿಸಿದ್ದೇವೆ.

ಇಷ್ಟು ಬಿಗಿಯಾಗಿ ಮುಚ್ಚುವವರಿಗೆ ಒಂದು ಎಚ್ಚರಿಕೆ. ಪ್ರೊಪೇನ್ ಗ್ಯಾಸಿನಿಂದ ಓಡುವ ಫೋರ್ಕ್‌ಲಿಫ್ಟ್ ಕಾರ್ಬನ್ ಮೊನಾಕ್ಸೈಡ್ ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆಲಸಗಾರರಿಗೆ ತಲೆನೋವು, ವಾಕರಿಕೆ ಬಂದರೆ ಚಳಿಜ್ವರ ಎಂದುಕೊಂಡು ಸುಮ್ಮನಾಗಬಾರದು, ಪ್ರಾಣಕ್ಕೇ ಸಂಚಕಾರ. ಬಾಗಿಲ ಸಂದಿ ಮುಚ್ಚಿಸಿದ ವಾರವೇ ನಾವು ಆ ಅನಿಲ ಪತ್ತೆಹಚ್ಚುವ ಅಲಾರಂ ಹಾಕಿಸಿ, ವಿದ್ಯುತ್ ಫೋರ್ಕ್‌ಲಿಫ್ಟಿಗೆ ಬದಲಾದೆವು. ಚಳಿಯಲ್ಲಿ ಬ್ಯಾಟರಿಯ ಕಸುವು ಕುಗ್ಗುತ್ತದೆ, ಆದ್ದರಿಂದ ಚಾರ್ಜಿಂಗ್ ಜಾಗ ಬೆಚ್ಚಗಿನ ಕಡೆ ಇದೆ.

2019ರ ಆ ದಿನ

ಇಷ್ಟೆಲ್ಲ ಬೇಕೇ ಎಂದು ಕೇಳುವವರಿಗೆ 2019ರ ಜನವರಿ 30ನ್ನು ನೆನಪಿಸುತ್ತೇವೆ. ಧ್ರುವ ಪ್ರದೇಶದ ಶೀತಗಾಳಿ ಕೆಳಗಿಳಿದು ಬಂದ ಆ ದಿನ ಷಿಕಾಗೊದ ಒ’ಹೇರ್ ವಿಮಾನ ನಿಲ್ದಾಣದಲ್ಲಿ ಮೈನಸ್ 23 ಡಿಗ್ರಿ, ಅಂದರೆ ಮೈನಸ್ 31 ಸೆಲ್ಸಿಯಸ್ ದಾಖಲಾಯಿತು. ಮೆಟ್ರಾ ರೈಲಿನ ಹಳಿ ಕೂಡುವ ಕಡೆಗಳಲ್ಲಿ ಗ್ಯಾಸಿನ ಉರಿ ಹಚ್ಚಿಟ್ಟರು. ಅಂಚೆ ಇಲಾಖೆ ಹಲವೆಡೆ ಬಟವಾಡೆ ನಿಲ್ಲಿಸಿತು.

ಅದೇ ದಿನ ಡೆಟ್ರಾಯಿಟ್ ಉತ್ತರದ ಮಕೂಂಬ್ ಕೌಂಟಿಯಲ್ಲಿ ಕನ್ಸ್ಯೂಮರ್ಸ್ ಎನರ್ಜಿ ಸಂಸ್ಥೆಯ ರೇ ಅನಿಲ ಕೇಂದ್ರದಲ್ಲಿ ಬೆಂಕಿ ಕಾಣಿಸಿಕೊಂಡಿತು. ನೆಲದಡಿ ಸಂಗ್ರಹಿಸಿದ ಅನಿಲವನ್ನು ಒತ್ತಡದಲ್ಲಿ ಹೊರತರುವ ಮುಖ್ಯ ಕೇಂದ್ರ ಅದು. ಸಂಸ್ಥೆಯ ಅನಿಲ ಗ್ರಾಹಕರು ಸುಮಾರು 18 ಲಕ್ಷ. ರಾತ್ರಿ ಮಿಷಿಗನ್‌ನ ಮೊಬೈಲುಗಳೆಲ್ಲ ಒಮ್ಮೆಗೇ ಕೂಗಿದವು: ಥರ್ಮೋಸ್ಟಾಟನ್ನು 65 ಡಿಗ್ರಿಗೋ ಅದಕ್ಕೂ ಕೆಳಗೋ ಇಳಿಸಿ ಎಂಬ ಮನವಿ. ರಾಜ್ಯಪಾಲೆ ಗ್ರೆಚನ್ ವಿಟ್ಮರ್ ಕೂಡ ಕೇಳಿಕೊಂಡರು. ಜನರಲ್ ಮೋಟರ್ಸ್ ತನ್ನ ಹಲವು ಕಾರ್ಖಾನೆಗಳ ಕೆಲಸ ನಿಲ್ಲಿಸಿತು, ಫೋರ್ಡ್ ಅನಿಲದ ಬಳಕೆ ತಗ್ಗಿಸಿತು. ಜನ ಮಾತು ಕೇಳಿದರು, ಮನೆಗಳಿಗೆ ಅನಿಲ ನಿಲ್ಲಲಿಲ್ಲ.

ದೊಡ್ಡ ಕಟ್ಟಡಗಳು ಕಡಿಮೆ ಸುಟ್ಟಷ್ಟೂ ಮನೆಗಳಿಗೆ ಉಳಿಯುತ್ತದೆ ಎಂಬುದು ಅಂದು ಎಲ್ಲರ ಕಣ್ಣಿಗೂ ಕಂಡಿತು. ಆದರೆ ಸೋರುವ ಗೋದಾಮಿನಲ್ಲಿ ಶಾಖ ಇಳಿಸಿದರೆ ಮೂಲೆಯ ಪೈಪು ಒಡೆಯುತ್ತದೆ, ನಮ್ಮಲ್ಲಿ ಆದ ಹಾಗೆ. ಬಿಗಿಯಾದ ಗೋದಾಮಿನವರಿಗೆ ಮಾತ್ರ ಧೈರ್ಯವಾಗಿ ಇಳಿಸಲು ಸಾಧ್ಯ.

ದುಡ್ಡು ಯಾರದು?

ಬಾಡಿಗೆ ಗೋದಾಮಿನಲ್ಲಿ ಇದೇ ದೊಡ್ಡ ಕಗ್ಗಂಟು. ಇಲ್ಲಿ ತೆರಿಗೆ, ವಿಮೆ, ನಿರ್ವಹಣೆ ಮೂರನ್ನೂ ಬಾಡಿಗೆದಾರನೇ ಭರಿಸುವ ಕರಾರುಗಳು ಸಾಮಾನ್ಯ. ಗ್ಯಾಸ್ ಬಿಲ್ಲೂ ಅವನದೇ. ಚಾವಣಿ ದಪ್ಪ ಮಾಡಿಸಿದರೆ ಖರ್ಚು ಮಾಲೀಕರದು, ಉಳಿತಾಯ ಬಾಡಿಗೆದಾರನದು. ಹಾಗಾಗಿ ಅವರು ಮಾಡಿಸುವುದಿಲ್ಲ. ಬಾಡಿಗೆದಾರ ಮಾಡಿಸಿದರೆ ಐದು ವರ್ಷಕ್ಕೆ ಬಿಟ್ಟುಹೋಗುವಾಗ ಚಾವಣಿಯನ್ನು ಹೊತ್ತುಕೊಂಡು ಹೋಗಲಾಗದು. ನಾವು ಬೋಲಿಂಗ್‌ಬ್ರೂಕ್‌ನಲ್ಲಿ ಕರಾರು ನವೀಕರಿಸುವ ಹೊತ್ತಿಗೆ ಎರಡು ವರ್ಷದ ಬಿಲ್ಲುಗಳನ್ನು ಮಾಲೀಕರ ಮುಂದಿಟ್ಟೆವು. ಅವಧಿಯನ್ನು ಹೆಚ್ಚಿಸಲು ನಾವು ಒಪ್ಪಿದೆವು, ಹೇಗೂ ಹಳತಾಗಿದ್ದ ಚಾವಣಿಯನ್ನು ಬದಲಿಸುವಾಗ ದಪ್ಪನೆಯ ಹೊದಿಕೆ ಹಾಕಿಸಲು ಅವರು ಒಪ್ಪಿದರು.

ಸಹಾಯಧನವೂ ಇದೆ. ಷಿಕಾಗೊ ಭಾಗದಲ್ಲಿ ವಿದ್ಯುತ್ತಿಗೆ ಕಾಮ್‌ಎಡ್, ಉಪನಗರಗಳಲ್ಲಿ ಅನಿಲಕ್ಕೆ ನೈಕಾರ್, ಡೆಟ್ರಾಯಿಟ್ ಭಾಗದಲ್ಲಿ ಡಿಟಿಇ ಮತ್ತು ಕನ್ಸ್ಯೂಮರ್ಸ್ ಎನರ್ಜಿ ಸಂಸ್ಥೆಗಳು ಇಂಧನ ಉಳಿಸುವ ಸಲಕರಣೆಗೆ ಒಂದಷ್ಟು ಹಣ ಮರಳಿಸುವ ಯೋಜನೆಗಳನ್ನು ನಡೆಸುತ್ತವೆ. ಇದು ದಾನವಲ್ಲ, ಗ್ರಾಹಕರ ಬಿಲ್ಲಿನಲ್ಲೇ ಸೇರಿಸಿ ವಸೂಲು ಮಾಡಿದ ಹಣ. ಕೇಳದವರು ಬೇರೆಯವರ ದೀಪಕ್ಕೆ ದುಡ್ಡು ಕಟ್ಟಿದ ಹಾಗೆ. ಕೊಳ್ಳುವ ಮೊದಲೇ ನಿಯಮ ಓದಿ, ಕೆಲವಕ್ಕೆ ಮುಂಚಿತ ಒಪ್ಪಿಗೆ ಬೇಕು.

ತೆರಿಗೆಯಲ್ಲಿ ಎರಡು ಕಲಂ ಗೊತ್ತಿರಬೇಕು. 179ನೇ ಕಲಂ ಅಡಿ, ವಾಸಕ್ಕಲ್ಲದ ಕಟ್ಟಡದ ಚಾವಣಿ, ಹೀಟರ್, ಅಗ್ನಿ ಸುರಕ್ಷೆಯ ಸುಧಾರಣೆಯ ವೆಚ್ಚವನ್ನು ಮಿತಿಗೊಳಪಟ್ಟು ಅದೇ ವರ್ಷ ಕಳೆಯಬಹುದು. ಇದು 2018ರಿಂದ ಬಂದ ಅನುಕೂಲ. ಕಟ್ಟಡ ಬಾಡಿಗೆಗೆ ಕೊಡುವವರಿಗೆ ಬೇರೆ ನಿಬಂಧನೆಗಳಿವೆ. 179ಡಿ ಕಲಂ 2005ರ ಇಂಧನ ನೀತಿ ಕಾಯ್ದೆಯಲ್ಲಿ ಹುಟ್ಟಿದ್ದು. ಇಂಧನ ವೆಚ್ಚ ಕನಿಷ್ಠ ಶೇ 25ರಷ್ಟು ತಗ್ಗುತ್ತದೆಂದು ಪರಿಣತರು ದೃಢೀಕರಿಸಿದ ದೊಡ್ಡ ಕೆಲಸಗಳಿಗೆ ಅದು. 2025ರ ಜುಲೈ 4ರಂದು ಸಹಿಯಾದ ಕಾಯ್ದೆಯ ಪ್ರಕಾರ 2026ರ ಜೂನ್ 30ರ ನಂತರ ಆರಂಭವಾಗುವ ಕಾಮಗಾರಿಗೆ ಈ ಸೌಲಭ್ಯ ಇಲ್ಲ. ನಿಮ್ಮ ಲೆಕ್ಕಿಗರನ್ನು ಕೇಳಿಯೇ ಮುಂದುವರಿಯಿರಿ.

ಹಗೇವಿನ ಪಾಠ

ವಿದ್ಯಾರಣ್ಯ ಕನ್ನಡ ಕೂಟದ, ಪಂಪ ಕನ್ನಡ ಕೂಟದ ಸಮಾರಂಭಗಳಲ್ಲಿ ಸಿಗುವ ಅಂಗಡಿಯ ಸ್ನೇಹಿತರು ಈಗ ನಮ್ಮನ್ನು ಕಂಡರೆ ಪೈಪಿನ ಸುದ್ದಿ ಕೇಳುತ್ತಾರೆ. ಮಂಡಿಯ ಹಿರಿಯರು ಮರಳಿ ಊರಿಗೆ ಹೋಗುವ ಮುನ್ನ ಹೇಳಿದ್ದನ್ನು ನಾವು ಅವರಿಗೆ ಹೇಳುತ್ತೇವೆ. ಉತ್ತರ ಕರ್ನಾಟಕದಲ್ಲಿ ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಒಳಗಿನ ಹವೆ ಬೇಸಿಗೆಗೂ ಚಳಿಗೂ ಹೆಚ್ಚು ಏರುಪೇರಾಗುತ್ತಿರಲಿಲ್ಲ. ಬ್ಯಾಡಗಿಯಲ್ಲಿ ಈಗ ಮೆಣಸಿನಕಾಯಿಯ ಬಣ್ಣ ಕೆಡದಿರಲೆಂದು ಶೀತಲಗೃಹಗಳಿಗೆ ವಿದ್ಯುತ್ ಬಿಲ್ಲು ಕಟ್ಟುತ್ತಾರೆ. ಅಲ್ಲಿ ತಂಪಿಗೆ, ಇಲ್ಲಿ ಬಿಸಿಗೆ. ‘ಬಾಯಿ ಗಟ್ಟಿ ಮುಚ್ರಪ್ಪ, ಉಳಿದದ್ದು ಆಮೇಲೆ’ ಎಂದರು ಅವರು. ನಮ್ಮ ಗಾಳಿಯ ಲೆಕ್ಕವೂ ಕೊನೆಗೆ ಹೇಳಿದ್ದು ಅದನ್ನೇ.

ಈ ಸಲದ ಸಂಕ್ರಾಂತಿಗೆ ಎಳ್ಳು ಬೆಲ್ಲ ಹಂಚಲು ಹೊರಟಾಗ ನಮ್ಮ ಕಾರು ಮೊದಲು ನಿಂತದ್ದು ಗೋದಾಮಿನ ಮುಂದೆ. ಶೌಚಾಲಯದ ಬಾಗಿಲು ತೆರೆದಿತ್ತು. ಉತ್ತರದ ಮೂಲೆಯ ಸೆನ್ಸರ್ 51 ತೋರಿಸುತ್ತಿತ್ತು. ಅಕ್ಕಿ ಚೀಲಗಳು ಹಲಗೆಯ ಮೇಲೆ ಒಣಗಿ ಕೂತಿದ್ದವು. ದೀಪ ಆರಿಸಿ, ಬೀಗ ಹಾಕಿ, ಮನೆಗಳ ಕಡೆ ಹೊರಟೆವು.